ಮಾವನ ಡ್ರೈವಿಂಗು, ನಾನು ಹಾಕಿಸಿದ ಕ್ರ್ಯಾಂಕು

ಎಪ್ಪತ್ತು ದಾಟಿದ ಮೇಲೆ ನನ್ನ ಮಾವನಿಗೆ, ಅಂದರೆ ಅಕ್ಕನ ಗಂಡನಿಗೆ, ತಾನೊಬ್ಬ ಭಾರೀ ಡ್ರೈವರ್ ಎಂಬ ನಂಬಿಕೆ ಹುಟ್ಟಿತು. ಹುಟ್ಟಿಸಿದವನು ನಾನು. ಎಂಟು ತಿಂಗಳು ಯಾರಿಗೂ ಹೇಳದೆ ನುಂಗಿಕೊಂಡಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಮಾವನದು ಹಂಸಭಾವಿ, ನನ್ನದು ಹತ್ತಿಮತ್ತೂರು. ಇಬ್ಬರಿಗೂ ಸೇರಿ ಒಂದೇ ಹಳೆಯ ಕಾರು. ಒಂದು ತಿಂಗಳು ಅವರ ಅಂಗಳದಲ್ಲಿ, ಒಂದು ತಿಂಗಳು ನನ್ನ ಅಂಗಳದಲ್ಲಿ. ಒಬ್ಬರನ್ನೊಬ್ಬರು ಕೇಳದೆ ಗಾಡಿಯಲ್ಲಿ ಏನನ್ನೂ ಬದಲಿಸಬಾರದೆಂದು ಕೊಂಡ ದಿನವೇ ಮಾತಾಗಿತ್ತು. ಹಾರ್ನ್ ಬದಲಿಸುವಾಗ ಅವರು ಫೋನ್ ಮಾಡಿ ಮೂರು ಹಾರ್ನ್‌ಗಳ ದನಿ ಕೇಳಿಸಿ, ಯಾವುದು ಬೇಕೆಂದು ನನ್ನನ್ನು ಕೇಳಿದ್ದರು. ಅಂಥ ಮನುಷ್ಯ.

ಆ ಕಾರಿಗೆ ಒಂದೇ ರೋಗ. ಹಾನಗಲ್ಲಿಗೆ ಹೋಗುವ ದಾರಿಯ ಏರಿನಲ್ಲಿ, ಐದು ಜನ ಕೂತಿದ್ದರೆ ಏದುಸಿರು ಬಿಡುತ್ತಿತ್ತು. ಒಮ್ಮೆ ಗೋವಿನಜೋಳ ಹೇರಿದ ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. "ದೂಡಬೇಕೇನ್ರಿ ಅಜ್ಜಾರ?" ಎಂದು ಅದರ ಡ್ರೈವರ್ ಕೇಳಿಕೊಂಡೇ ಹೋದ. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ನಕ್ಕಳು. ಅವನನ್ನು ಕ್ಷಮಿಸಿದೆ, ಆ ನಗು ಮಾತ್ರ ಕಿವಿಯಲ್ಲೇ ಉಳಿಯಿತು.

ನನ್ನ ಮುಂದಿನ ಪಾಳಿಯಲ್ಲಿ ಕಾರು ಹೊಟ್ಟೆಯೊಳಗೆ ಕಟಕಟ ಎನ್ನತೊಡಗಿತು. ಸವಣೂರಿನ ಮಿಸ್ತ್ರಿ ಎಂಜಿನ್ ಬಿಚ್ಚಿದ. "ಕ್ರ್ಯಾಂಕ್ ಸವದೈತ್ರಿ ಸಾವ್ಕಾರ್ರ, ಪಿಸ್ಟನ್ ಆಡ್ಸೂ ದಂಡ. ಹಳೇ ಅಳತೀದ ಹಾಕ್ಲೊ, ಇದ ಕಂಪನಿ ದೊಡ್ಡ ಗಾಡೀದು ಹಾಕ್ಲೊ? ಅದೂ ಇದರಾಗ ಕುಂದರ್ತೈತಿ."

"ಹಾಕಿದ್ರ ಏನಾಗ್ತೈತಿ?"

"ಬೀಸೂ ಕಲ್ಲಿನ ಗೂಟ ನಡಕಿಂದ ದೂರ ಇದ್ರ ಕೈ ದೊಡ್ಡ ಸುತ್ತು ಹಾಕ್ತೈತಿ, ಹೌದಲ್ರಿ? ದೊಡ್ಡ ಕ್ರ್ಯಾಂಕೂ ಹಂಗ. ಪಿಸ್ಟನ್ ಇನ್ನೂ ಮ್ಯಾಲೆ ಹೋಗ್ತೈತಿ, ಇನ್ನೂ ಕೆಳಗ ಬರ್ತೈತಿ. ಒಂದೊಂದು ಸಲಕ್ಕ ಗಾಳಿ ಜಾಸ್ತಿ ಎಳೀತೈತಿ. ಸಿಸಿ ಹೆಚ್ಚಾತು, ಗಾಡಿ ಏರು ಹತ್ತಿತು."

"ಟ್ರ್ಯಾಕ್ಟರ್?"

"ಕನ್ನಡ್ಯಾಗ ಕಾಣ್ತೈತಿ."

ಮಾವನಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದೆ. ಬೇಡ ಎನ್ನುತ್ತಾರೆಂದು ಗೊತ್ತಿತ್ತು. ಬರಿಗೈ ಹೊರಗೆ ತೆಗೆದೆ.

ಹೆಚ್ಚು ಮೇಲೇರುವ ಪಿಸ್ಟನ್ ವಾಲ್ವಿಗೆ ಬಡಿದರೆ ಎಂಜಿನ್ ಚೂರಾಗುತ್ತದೆ. ಮಿಸ್ತ್ರಿ ಅದಕ್ಕೆ ತಕ್ಕ ಗಿಡ್ಡ ಪಿಸ್ಟನ್ ಹಾಕಿ, ನಡುವೆ ಎಷ್ಟು ಜಾಗ ಉಳಿಯಿತೆಂದು ನೋಡಲು ಹಿಟ್ಟಿನ ಉಂಡೆ ತರಲು ಹೇಳಿದ. ಅದನ್ನು ಪಿಸ್ಟನ್ ತಲೆಯ ಮೇಲಿಟ್ಟು, ಹೆಡ್ ಎಂಬ ಮೇಲಿನ ಮುಚ್ಚಳ ಬಿಗಿದು, ಕೈಯಿಂದ ತಿರುಗಿಸಿ ಬಿಚ್ಚಿದರೆ, ಚಪ್ಪಟೆಯಾದ ಉಂಡೆ ಎಷ್ಟು ದಪ್ಪವೋ ಅಷ್ಟು ಜಾಗ. ನಮ್ಮ ಮನೆಯಲ್ಲಿ ಹಿಟ್ಟೆಂದರೆ ಜೋಳದ್ದೇ. ಒಯ್ದೆ. ಅದು ಪುಡಿಪುಡಿಯಾಯಿತು. ಮಿಸ್ತ್ರಿ ಅರ್ಧ ದಿನ ಎಂಜಿನ್ನಿನಿಂದ ಜೋಳದ ಹಿಟ್ಟು ಕೆರೆದ. "ಕಣಕ ತರ್ರಿ, ಹೋಳಿಗಿ ಕಣಕ!" ಎಂದು ಕೈಮುಗಿದ.

ಮರುದಿನ ಅಕ್ಕ, ಮಾವ ಊಟಕ್ಕೆ ಬರುವವರಿದ್ದರು. ಹೆಂಡತಿ ಬೆಳಿಗ್ಗೆಯೇ ಕಣಕ ನಾದಿ ಮುಚ್ಚಿಟ್ಟಿದ್ದಳು. ದೊಡ್ಡದೊಂದು ಉಂಡೆ ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡು ಸವಣೂರಿಗೆ ಓಡಿದೆ. ಅದು ಖಡಕ್ ರೊಟ್ಟಿಯಷ್ಟು ದಪ್ಪವಾಗಿ, ಮೈಮೇಲೆ ವಾಲ್ವುಗಳ ಎರಡು ಅರ್ಧಚಂದ್ರ ಮೂಡಿಸಿಕೊಂಡು ಹೊರಬಂತು. ಜಾಗ ಸಾಕೆಂದು ಮಿಸ್ತ್ರಿ ಹೇಳಿದ. ಕಣಕವನ್ನು ಎಸೆಯಲು ಮನಸ್ಸಾಗದೆ ಕಾಗದದಲ್ಲಿ ಸುತ್ತಿ ಇಟ್ಟುಕೊಂಡೆ.

ಊಟದಲ್ಲಿ ಮಾವ ಮೂರನೆಯ ಹೋಳಿಗೆ ಕೇಳಿದರು. ಖಾಲಿ ಬುಟ್ಟಿ ನೋಡಿ ಹೆಂಡತಿ ಕಕ್ಕಾಬಿಕ್ಕಿಯಾದಳು. ನಾನು ಗಂಭೀರವಾಗಿ, "ಈ ವಯಸ್ಸಿನ್ಯಾಗ ಶುಗರ್ ನೋಡ್ಕೋಬೇಕ್ರಿ ಮಾವಾರ. ಮುಖಾ ಯಾಕೋ ಇಳದೈತಿ," ಎಂದೆ. ಅವರಿಗೆ ಶುಗರ್ ಇರಲಿಲ್ಲ.

ವಾಲ್ವ್ ಸ್ವಚ್ಛ ಮಾಡಿಸಿದ್ದೇನೆಂದು ಹೇಳಿ ಕಾರು ಒಪ್ಪಿಸಿದೆ. ಎರಡನೆಯ ದಿನವೇ ಫೋನ್ ಬಂತು: "ಏನೋ, ಹಾನಗಲ್ಲ ಏರು ಟಾಪ್ ಗೇರಿನ್ಯಾಗ ಹತ್ತಿಸಿದೆ! ತುಳಿಯೂದರಾಗ ಒಂದು ಹದಾ ಇರ್ತೈತಿ. ನನಗೀಗ ಸಿಕ್ಕೈತಿ."

ಆಗಲೇ ಹೇಳಬೇಕಿತ್ತು. "ಭೇಷ್ ರಿ" ಎಂದೆ.

ಹೆಗಲಿಗೆ ಟವೆಲ್ ಹಾಕಿ, ಎರಡೂ ಕೈಯಿಂದ ಸ್ಟಿಯರಿಂಗ್ ಅಪ್ಪಿಕೊಂಡು ಓಡಿಸುತ್ತಿದ್ದವರು ಮೊಣಕೈಯನ್ನು ಕಿಟಕಿಯ ಹೊರಗಿಟ್ಟರು. ಹಿರೇಕೆರೂರಿನ ಸಂತೆಯಲ್ಲಿ ಜೀಪಿನವರಿಗೆ ಪಾಠ ಹೇಳಿದರು. ಲಾರಿಗಳನ್ನು ಹಿಂದೆ ಹಾಕತೊಡಗಿದರು. ನನಗೂ ಕಲಿಸಲು ಬಂದರು. ಕಲಿತೆ.

ಇದರ ನಡುವೆ ನನ್ನ ಮೊಮ್ಮಗಳ ಮದುವೆ ಶಿಗ್ಗಾವಿಯಲ್ಲಿ ಗೊತ್ತಾಯಿತು. ಮದುಮಗಳಿಗೆಂದು ಬೀಗರು ತಮ್ಮ ಸಣ್ಣ ಕಾರು ಕಳಿಸುವವರಿದ್ದರು. ಮಾವ ಎಲ್ಲರೆದುರು, "ಹುಡುಗೀನ ನಾನ ಕರ್ಕೊಂಡ ಹೋಗ್ತೇನಿ. ಗಾಡಿ ಯಾವುದಾದ್ರೇನು, ಕಾಲು ನಂದ ಅಲ್ಲೇನು?" ಎಂದರು.

ನಮ್ಮ ಕಾರಿನ ಕಸುವನ್ನು ತಮ್ಮದೆಂದು ನಂಬಿ, ಆ ಸಣ್ಣ ಕಾರಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಹೊರಟು, ಅರ್ಧದಲ್ಲಿ ಅದು ಉಸಿರು ಬಿಟ್ಟರೆ? ಎದುರಿಗೆ ಬಸ್ಸು ಬಂದರೆ?

ಮದುವೆಗೆ ನಾಲ್ಕು ದಿನವಿರುವಾಗ ಹಂಸಭಾವಿಗೆ ಹೋಗಿ ಕ್ರ್ಯಾಂಕಿನ ಕತೆ ಹೇಳಿದೆ. ಮಾವ ನಕ್ಕರು. "ಹೊಟ್ಟೆಕಿಚ್ಚು ಬ್ಯಾಡೋ. ಕೆಲವರಿಗೆ ವಿದ್ಯಾ ತಡಾ ಮಾಡಿ ಬರ್ತೈತಿ."

ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿದೆ. ಕಣಕ ಒಣಗಿ ಕಲ್ಲಾಗಿತ್ತು. ಎಂಜಿನ್ ಆಯಿಲ್ ವಾಸನೆಗೆ ಇರುವೆಯೂ ಮುಟ್ಟಿರಲಿಲ್ಲ. ಅಕ್ಕ ಮೂಸಿ ನೋಡಿದಳು. "ಇದು ಹೋಳಿಗಿ ಕಣಕ ಅಲ್ಲೇನೋ ತಮ್ಮಾ?"

ಮಾವ ವಾಲ್ವಿನ ಗುರುತುಗಳನ್ನು ಬೆರಳಿನಿಂದ ಸವರಿದರು. ನಗು ನಿಂತಿತ್ತು. "ಅವತ್ತಿಂದೇನು? ನಾವು ಊಟಕ್ಕ ಬಂದಾಗಿಂದು?"

"ಹೌದ್ರಿ."

"ನನ್ನ ಮೂರನೇದು."

"ಹೌದ್ರಿ."

"ಪಾಪಿ! ಅವತ್ತಿನಿಂದ ನಾ ಸಿಹಿ ಮುಟ್ಟಿಲ್ಲೋ. ಮೂರು ಸಲ ಟೆಸ್ಟಿಗೆ ರಕ್ತಾ ಕೊಟ್ಟೇನಿ. ಏನೂ ಇಲ್ಲ ಅಂದ್ರ ಡಾಕ್ಟರಿಗೇ ಬರಂಗಿಲ್ಲ ಅಂತ ಬೈದು ಬಂದೇನಿ!"

ಕ್ರ್ಯಾಂಕಿನ ಬಗ್ಗೆ ಒಂದು ಮಾತೂ ಬೈಯಲಿಲ್ಲ. ಒಳಗೆ ಹೋಗಿ ಕಾರಿನ ಕೀಲಿ ತಂದು ನನ್ನ ಮುಂದಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮದುಮಗಳ ಕಾರನ್ನು ಬೀಗರ ಡ್ರೈವರೇ ಓಡಿಸಿದ. ಮೊಳಕಾಲು ನೋವೆಂದು ಮಾವ ಎಲ್ಲರಿಗೂ ಹೇಳಿದರು, ನಾನೂ ಹೌದೆಂದೆ. ಊಟದಲ್ಲಿ ಮಾತ್ರ ಹೋಳಿಗೆ ಬಡಿಸುವವನನ್ನು ಐದು ಸಲ ಕರೆದರು, ಪ್ರತಿ ಸಲವೂ ನನ್ನ ಮುಖ ನೋಡುತ್ತ.

ಆಮೇಲೆ ಅವರು ಕಾರು ಮುಟ್ಟಲಿಲ್ಲ. ಕಾಗದಪತ್ರದಲ್ಲಿ ಹೊಸ ಸಿಸಿ ಬರೆಸಲು ನಾನೇ ಅರ್ಜಿ ಕೊಟ್ಟು ಬಂದೆ. ಮೊನ್ನೆ ಹಾನಗಲ್ಲಿಗೆ ಹೊರಟಾಗ ಕಾಡಿ ಬೇಡಿ ಕೀಲಿ ಅವರ ಕೈಗಿಟ್ಟೆ. ಕೂತರು. ಹೆಗಲಿಗೆ ಟವೆಲ್, ಸ್ಟಿಯರಿಂಗಿಗೆ ಎರಡೂ ಕೈ. ಏರಿನಲ್ಲಿ ಮುಂದೊಂದು ಗೋವಿನಜೋಳದ ಟ್ರ್ಯಾಕ್ಟರ್.

"ರಸ್ತೆ ಖಾಲಿ ಐತಿ, ಹಿಂದ ಹಾಕ್ರಿ ಮಾವಾರ."

"ಯಾರು ಹಾಕಬೇಕೋ? ನಾನೋ, ನಿನ್ನ ಕ್ರ್ಯಾಂಕೋ?"

ಏರು ಮುಗಿಯುವತನಕ ಆ ಟ್ರ್ಯಾಕ್ಟರಿನ ಹಿಂದೆಯೇ, ಅದರ ಹೊಗೆ ಕುಡಿಯುತ್ತ ಹೋದೆವು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ನಗುತ್ತಿದ್ದಳು.