ಗೋಗೊ ಹಗಲಲ್ಲಿ ಕಥೆ ಹೇಳುತ್ತಿರಲಿಲ್ಲ

ಪರದೆ ಎಳೆದವಳು ನಾನೇ. ಯಾರೂ ಹೇಳಿಕೊಟ್ಟದ್ದಲ್ಲ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಅವಳು ಡಾಕ್ಟರ್. ಯಾವತ್ತು ಯಾವ ಡ್ಯೂಟಿ ಎಂದು ಅವಳಿಗೇ ಗೊತ್ತಿರುವುದಿಲ್ಲ. ಮಂಗಳವಾರ ಒಂದು ಮಿನಿಬಸ್ ಬಂದು ನನ್ನನ್ನು ಚರ್ಚಿನ ಹಾಲ್‌ನಲ್ಲಿ ನಡೆಯುವ ಮುದುಕರ ಲಂಚ್ ಕ್ಲಬ್‌ಗೆ ಕರೆದೊಯ್ಯುತ್ತದೆ. ಐದು ಗಂಟೆಗೆ ಅಲ್ಲಿಂದ ವಾಪಸ್ ಹೊರಡುತ್ತದೆ.

ಅಲ್ಲಿ ಸಿಕ್ಕವಳು ಗೋಗೊ. ಜಿಂಬಾಬ್ವೆಯವಳು. ಗೋಗೊ ಎಂದರೆ ಅವರ ಮಾತಿನಲ್ಲಿ ಅಜ್ಜಿ. ಅವಳ ಇಂಗ್ಲಿಷ್ ಚೆನ್ನಾಗಿತ್ತು, ನನ್ನದು ಅಂಗಡಿ ಇಂಗ್ಲಿಷ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಷ್ಟು ಸಾಕು.

ಅವಳ ಹತ್ತಿರ ಕಥೆಗಳಿದ್ದವು. ಅವಳ ಅಜ್ಜಿ ಅವಳಿಗೆ ಹೇಳಿದ ಕಥೆಗಳು. ಆದರೆ ಹೊತ್ತು ಮುಳುಗದೆ ಬಾಯಿ ಬಿಡುತ್ತಿರಲಿಲ್ಲ.

"ಹಗಲಲ್ಲಿ ಕಥೆ ಹೇಳಿದ್ರೆ ತಲೆ ಮೇಲೆ ಕೊಂಬು ಬರುತ್ತೆ," ಎಂದಳು.

"ನಮ್ಮಲ್ಲಿ ಸೋದರಮಾವ ದಾರಿ ತಪ್ಪುತ್ತಾನೆ," ಎಂದೆ ನಾನು.

"ಎಲ್ಲಿದ್ದಾನೆ ನಿನ್ನ ಸೋದರಮಾವ?"

"ಸತ್ತು ಎಷ್ಟೋ ವರ್ಷ ಆಯ್ತು."

"ಹಾಗಾದ್ರೆ ನೀನು ಹಗಲಲ್ಲೇ ಹೇಳು, ಸಿಸ್ಟರ್. ಕೊಂಬು ಬರೋದು ನನಗೆ ತಾನೆ!"

ಇಲ್ಲಿಯ ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲು. ಎಲ್ಲರೂ ಅದನ್ನು ಬೈಯುತ್ತಾರೆ. ನಾವಿಬ್ಬರು ಮಾತ್ರ ಮೂರೂವರೆಯಿಂದಲೇ ಕಿಟಕಿ ನೋಡುತ್ತಾ ಕೂರುತ್ತಿದ್ದೆವು.

ಬೀದಿದೀಪ ಹತ್ತಿದರೆ ಕಥೆ ಶುರು. ಪ್ರತಿ ಮಾತಿಗೂ ಕೇಳುವವರು ನಾಲಿಗೆ ಟಕ್ಕೆನ್ನಿಸಿ ಏನೋ ಒಂದು ಹೇಳಬೇಕಂತೆ. ನನ್ನ ಕಟ್ಟಿಸಿದ ಹಲ್ಲಿಗೆ ಅದು ಒಗ್ಗಲಿಲ್ಲ. "ಹೂಂ" ಎಂದೆ. ಆಗಬಹುದು ಎಂದಳು.

ನಮ್ಮೆಜಮಾನರು ಹೋದ ಮೇಲೆ ಯಾರ ಮಾತಿಗೂ ನಾನು ಅಷ್ಟು ಹೂಂಗುಟ್ಟಿರಲಿಲ್ಲ...

ಜನವರಿ ಕೊನೆಗೆ ಒಂದು ಕಥೆ ಶುರು ಮಾಡಿದಳು. ಹೊಳೆ ದಾಟಬೇಕಾದ ಒಬ್ಬಳು ಹುಡುಗಿ. ಮೊಸಳೆ ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸುತ್ತದೆ, ಆದರೆ ಅದಕ್ಕೆ ಅವಳ ದನಿ ಬೇಕು. ದನಿ ಕೊಟ್ಟು ದಾಟುತ್ತಾಳೆ. ಮನೆಗೆ ಬಂದು ಬಾಗಿಲು ತಟ್ಟುತ್ತಾಳೆ. ಒಳಗಿನಿಂದ ತಾಯಿ "ಯಾರದು?" ಎನ್ನುತ್ತಾಳೆ...

ಅಷ್ಟರಲ್ಲಿ ಮಿನಿಬಸ್ಸಿನವನು ಹಾರ್ನ್ ಹೊಡೆದ.

ಮುಂದೆ ಎರಡು ವಾರ ಹಿಮ ಬಿದ್ದು ಕ್ಲಬ್ ಇಲ್ಲ. ಆಮೇಲೆ ಹೋಗಿ ನೋಡಿದರೆ ಐದಕ್ಕೂ ಬೆಳಕು!

ಎಲ್ಲರಿಗೂ ಖುಷಿ, ನನಗೆ ಸಿಟ್ಟು. ಎದ್ದು ಹೋಗಿ ಪರದೆ ಎಳೆದು, ಲೈಟ್ ಆರಿಸಿ, "ಈಗ ಹೇಳು" ಎಂದೆ.

ಗೋಗೊ ನಕ್ಕಳು. "ಪರದೆ ಎಳೆದ್ರೆ ಸೂರ್ಯ ಮನೆಗೆ ಹೋಗ್ತಾನಾ? ನವೆಂಬರ್ ಬರ್ಲಿ, ಸಿಸ್ಟರ್."

"ನವೆಂಬರ್‌ವರೆಗೆ ನಾವಿಬ್ರೂ ಇರ್ತೀವಿ ಅಂತ ಯಾರು ಬರ್ಕೊಟ್ಟಿದ್ದಾರೆ? ನಿನಗೆ ಕೊಂಬು ಆಗ್ಲೇ ಬಂದಿದೆ, ಕನ್ನಡಿ ನೋಡ್ಕೋ!"

ಹಾಲ್‌ನವರೆಲ್ಲ ತಿರುಗಿ ನೋಡಿದರು. ನನ್ನ ಟೀ ಎತ್ತಿಕೊಂಡು ಬಿಂಗೊ ಆಡುವವರ ಟೇಬಲ್ಲಿಗೆ ಹೋಗಿ ಕೂತೆ. ಬಿಂಗೊ ಎಂದರೆ ನನಗೆ ಆಗುವುದಿಲ್ಲ. ಆದರೂ ಕೂತೆ.

ಬೇಸಿಗೆಯುದ್ದಕ್ಕೂ ಅವಳು ತನ್ನ ಪಕ್ಕದ ಕುರ್ಚಿ ತಟ್ಟಿ ಕರೆಯುತ್ತಿದ್ದಳು. ನಾನು ಮುಖ ತಿರುಗಿಸುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ನನ್ನ ಟೇಬಲ್ ಹತ್ತಿರ ಬಂದು ನಿಂತಳು. ಬಿಂಗೊ ಕಾರ್ಡಿನಿಂದ ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಮುಂದಿನ ವಾರದಿಂದ ಅವಳು ಕಾಣಲಿಲ್ಲ. ಎಲ್ಲಿ ಎಂದು ಕೇಳಲು ನನ್ನ ಜಂಬ ಬಿಡಲಿಲ್ಲ.

ಕೊನೆಗೆ ಹೋದ ಮಂಗಳವಾರ ಕ್ಲಬ್ ನಡೆಸುವ ಹೆಂಗಸನ್ನು ಕೇಳಿದೆ. ಆಗಲೇ ನವೆಂಬರ್ ಮುಗಿಯುತ್ತಾ ಬಂದಿತ್ತು.

"ಲೀಡ್ಸ್‌ಗೆ, ಮಗನ ಮನೆಗೆ ಹೋಗ್ಬಿಟ್ರು, ಡಿಯರ್. ನಿಮಗೆ ಹೇಳಿ ಹೋಗ್ತೀನಿ ಅಂದಿದ್ರು. ಹೇಳ್ಲಿಲ್ವಾ?"

ನಂಬರ್ ಕೇಳಿದೆ. ಕೊಡುವ ಹಾಗಿಲ್ಲವಂತೆ, ರೂಲ್ಸ್. ನನ್ನ ನಂಬರನ್ನೇ ಅಲ್ಲಿಗೆ ಕಳಿಸಿದ್ದಾರೆ. ಫೋನ್ ಬಂದಿಲ್ಲ.

ಮಗಳು ಗೂಗಲ್‌ನಲ್ಲಿ ಹುಡುಕಿದಳು. ಲೈಬ್ರರಿಯಿಂದ ಆಫ್ರಿಕಾದ ಕಥೆಗಳ ಎರಡು ದಪ್ಪ ಪುಸ್ತಕ ತಂದು ಕೂತು ನೋಡಿದಳು. "ಮೊಸಳೆ ಇದೆ ಅಮ್ಮ, ಆದ್ರೆ ಇದು ಬೇರೆ ಮೊಸಳೆ," ಎಂದಳು.

ಆ ಹುಡುಗಿ ಇನ್ನೂ ಬಾಗಿಲ ಹೊರಗೇ ನಿಂತಿದ್ದಾಳೆ. ಇಲ್ಲಿ ನಾಲ್ಕು ಗಂಟೆ, ಕತ್ತಲಾಗುತ್ತಿದೆ. ಮಗಳು ಬರುವುದು ಎಂಟಕ್ಕೆ.

ಕಥೆಗೆ ಕತ್ತಲು ಬೇಕಿತ್ತು, ಸರಿ... ಸುಮ್ಮನೆ ಅವಳ ಪಕ್ಕ ಕೂರುವುದಕ್ಕೆ ನನಗೆ ಏನು ಬೇಕಿತ್ತು, ಹೇಳಿ?