ವರದಿಯಲ್ಲಿ ನಾನು ಬರೆದ ಒಂದು ಸಾಲು

ಕೋವಿಡ್ ಮುಗಿದ ಮರುವರ್ಷ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಜೆನೆಟಿಕ್ಸ್ ಲ್ಯಾಬಿನಲ್ಲಿ ನಾನು ಹಿರಿಯ ವಿಜ್ಞಾನಿಯಾಗಿದ್ದೆ. ಅಪ್ಪ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್; ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ನನ್ನ ಸಹಿ ಬಿದ್ದ ಪ್ರತಿ ವರದಿಯ ಬಗ್ಗೆಯೂ ನನಗೆ ಜಂಬವಿತ್ತು. ಮುಚ್ಚಿಡುವುದೇಕೆ?

ಅಮ್ಮಿನಬಾವಿಯ ರೇಣುಕಾ, ಇಪ್ಪತ್ತೆರಡರ ಹೆಣ್ಣುಮಗಳು, ಎರಡು ದಿನದಿಂದ ನಿಲ್ಲದ ಮೂಗಿನ ರಕ್ತದೊಂದಿಗೆ ಬಂದಳು. ತೋಳು, ಬೆನ್ನು ನೀಲಿಗಟ್ಟಿದ್ದವು. ಜೊತೆಗೆ ತಾಯಿ ನೀಲವ್ವ, ಗಂಡ ಬಸವರಾಜ. ಬಸವರಾಜ ನೀಲವ್ವನ ಒಡಹುಟ್ಟಿದ ತಮ್ಮ. ಮಗಳನ್ನು ಸೋದರಮಾವನಿಗೇ ಕೊಟ್ಟಿದ್ದರು. ರೇಣುಕಾಳ ತಂದೆತಾಯಿಯೂ ರಕ್ತಸಂಬಂಧಿಗಳೇ. "ಪೆಟ್ಟು ಬಿದ್ದಿತ್ತೇ?" ಎಂದು ಎಲ್ಲರೆದುರೇ ಕೇಳಿದೆ.

"ಬಾಗಲಾ ಬಡದೈತ್ರಿ," ಎಂದ ಬಸವರಾಜ. ನೀಲವ್ವ ನೆಲ ನೋಡಿದರು. ನಾನು ಹಾಗೇ ಬರೆದುಕೊಂಡೆ.

ಗಾಯದ ಬಾಯಿ ಮುಚ್ಚುವ ರಕ್ತಕಣಗಳೇ ಪ್ಲೇಟ್‌ಲೆಟ್. ಅವಳಲ್ಲಿ ಎಣಿಕೆ ಸರಿಯಿತ್ತು, ಆದರೆ ಕಣಗಳು ಒಂದಕ್ಕೊಂದು ಅಂಟುತ್ತಿರಲಿಲ್ಲ. ಡಿಎನ್‌ಎ ಓದಿದಾಗ ಐಟಿಜಿಬಿ-ತ್ರೀ ಎಂಬ ಜೀನ್‌ನ ಎರಡೂ ಪ್ರತಿಗಳಲ್ಲಿ ಒಂದೇ ಅಕ್ಷರ ಬದಲಾಗಿತ್ತು, ತಂದೆಯಿಂದೊಂದು, ತಾಯಿಯಿಂದೊಂದು. ರೋಗದ ಹೆಸರು ಗ್ಲಾನ್ಜ್‌ಮನ್ ಥ್ರಾಂಬಾಸ್ತೇನಿಯಾ. ವರದಿಯ ಕೊನೆಗೆ "ಪೆಟ್ಟಿಲ್ಲದೆಯೂ ಮೈಮೇಲೆ ಕಲೆಗಳು ಏಳಬಹುದು" ಎಂದು ಸೇರಿಸಿದೆ.

ಮೂರು ವಾರದ ಮೇಲೆ ವರದಿ ಒಯ್ಯಲು ಮೂವರೂ ಬಂದರು. ರೇಣುಕಾಳ ಕೆನ್ನೆಯ ಮೇಲೆ ಹೊಸ ಕಲೆ, ಮೂಗಿಗೆ ಹತ್ತಿ. ಆ ಸಾಲು ಓದುತ್ತಲೇ ಬಸವರಾಜ ತೊಡೆ ತಟ್ಟಿ ನಕ್ಕ. "ಕೇಳಿದ್ಯಾ ಅಕ್ಕಾ? ನಾ ಬಡದಿದ್ದಲ್ಲ, ನಿನ್ನ ಮಗಳ ರಕ್ತಾನ ಹಂಗ ಐತಿ. ಮೇಡಂ, ಇದರ ಝೆರಾಕ್ಸ್ ಕೊಡ್ರಿ, ಊರಾಗೆಲ್ಲಾ ಹಂಚತೇನಿ."

ರೇಣುಕಾ ತಲೆ ಎತ್ತಿದಳು. "ಬಾಗಲಕ್ಕ ನಾಕ ಬೆರಳ ಇರ್ತಾವೇನು ಮಾಮಾ?"

ಅವನ ಕೈ ಎದ್ದದ್ದು ನನಗೆ ಕಾಣಲಿಲ್ಲ, ಸದ್ದಷ್ಟೇ ಕೇಳಿತು. ಅವಳ ತಲೆ ಕಬ್ಬಿಣದ ಕಪಾಟಿಗೆ ಬಡಿಯಿತು. ಮೂಗು, ಬಾಯಿಯಿಂದ ಹರಿದ ರಕ್ತಕ್ಕೆ ಮೇಜು, ವರದಿ, ನನ್ನ ಕೋಟು ಎಲ್ಲ ತೋಯ್ದವು. ಮತ್ತೆ ಕೈ ಎತ್ತಿದವನ ಮುಖಕ್ಕೆ ನೀಲವ್ವ ಸ್ಟೀಲಿನ ಬುತ್ತಿ ಡಬ್ಬಿ ಬೀಸಿದರು. ಅವನ ಹುಬ್ಬು ಸೀಳಿತು.

"ಎತ್ತಿ ಆಡಿಸಿದ ತಮ್ಮ ಅಂತ ಇಷ್ಟ ದಿನಾ ಬಾಯಿ ಮುಚ್ಚಿದ್ನೆಲ್ಲೋ, ಭಾಡ್ಯಾ!"

ಅವನ ರಕ್ತ ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟಿತು. ಅವಳದು, ಚೀಲದ ಮೇಲೆ ಚೀಲ ಪ್ಲೇಟ್‌ಲೆಟ್ ಏರಿಸಿದರೂ, ಸಂಜೆಯವರೆಗೆ ನಿಲ್ಲಲಿಲ್ಲ. ಬದುಕಿದಳು, ಅಷ್ಟೇ.

ಪೊಲೀಸರಿಗೆ ಕೊಟ್ಟ ವರದಿಯಲ್ಲಿ ನನ್ನ ಸಾಲಿನ ಕೆಳಗೆ ಇನ್ನೆರಡು ಬರೆದು ಸಹಿ ಹಾಕಿದೆ: "ಬೆರಳಿನ ಗುರುತು ಜೀನ್‌ನಿಂದ ಮೂಡುವುದಿಲ್ಲ. ಈಕೆಗೆ ಒಂದು ಏಟೂ ಪ್ರಾಣಾಂತಿಕವಾಗಬಹುದು." ನೀಲವ್ವ ತಮ್ಮನ ವಿರುದ್ಧದ ದೂರಿಗೆ ಹೆಬ್ಬೆಟ್ಟು ಒತ್ತಿ, ಮಗಳನ್ನು ತವರಿಗೆ ಕರೆದೊಯ್ದರು.

ಜೀನ್ ಓದಲು ನಾನು ಹನ್ನೆರಡು ವರ್ಷ ಕಲಿತಿದ್ದೆ. ಪಕ್ಕದಲ್ಲಿ ಗಂಡನಿದ್ದರೆ ಹೆಂಡತಿ ಉತ್ತರಿಸಲಾರಳು ಎಂಬುದನ್ನು ಅಂದು ಕಲಿತೆ. ಈಗ ರಕ್ತ ತೆಗೆಯುವ ಮೊದಲು ಗಂಡಸರನ್ನು ಹೊರಗೆ ಕಳಿಸುತ್ತೇನೆ. ಕೆಲವರು ಜಗಳಕ್ಕೇ ಬರುತ್ತಾರೆ. ಬರಲಿ.