ಎರಡಕ್ಷರದ ಅತ್ತೆ

ತಕ್ಕಡಿಗೆ ಹಾಕಿದರೆ ನಲವತ್ತೈದು ಕಿಲೋ ದಾಟದ ಹೆಂಗಸು. ಒಂದು ಕಣ್ಣಿಗೆ ಪೊರೆ ಬರುತ್ತಿದೆ, ಇನ್ನೊಂದು ಎರಡರ ಕೆಲಸ ಮಾಡುತ್ತಿದೆ. ಬಲಗೈಯ ನಡುಬೆರಳಿನಲ್ಲಿ ಮೂವತ್ತೊಂದು ವರ್ಷದ ಶಾಯಿಕಲೆ, ಯಾವ ಸೋಪಿಗೂ ಜಗ್ಗದ್ದು. ಮೇಲುನೋಟಕ್ಕೆ ಸೆಕೆಂಡ್ ಹ್ಯಾಂಡ್ ಮಾಲು, ಆದರೆ ಹೊಲಿಗೆ ಗಟ್ಟಿ. ಕೊಂಡವನು ಮೋಸ ಹೋಗುವ ಪ್ರಶ್ನೆಯೇ ಇಲ್ಲ. ಕೊಳ್ಳಲು ಯಾರೂ ಬರಲಿಲ್ಲ, ಅದು ಬೇರೆ ಮಾತು.

ಜನನ ಮರಣ ನೋಂದಣಿ ಕಚೇರಿಯ ಮೂರನೇ ಕಿಟಕಿಯಲ್ಲಿ ಆಕೆ ಗುಮಾಸ್ತೆ. ಹುಟ್ಟು ಸಾವು ಬರೆದುಕೊಳ್ಳುವುದು, ಹಳೆಯದನ್ನು ಹುಡುಕಿ ನಕಲು ತೆಗೆದುಕೊಡುವುದು ಕೆಲಸ. ಸತ್ತವರ ಕಾಗದ ಕೇಳಿ ಬಂದವರು ಅತ್ತುಕೊಂಡು ಬರಲಿ, ಆಸ್ತಿಯ ಕನಸು ಕಾಣುತ್ತ ಬರಲಿ, ಕಿಟಕಿಯಿಂದ ಬರುವ ಮೊದಲ ಮಾತು ಒಂದೇ: "ಅವರು ನಿಮಗೆ ಏನಾಗ್ಬೇಕು?" ಊರಿನವರು ಅದನ್ನೇ ಹೆಸರು ಮಾಡಿದರು, ಏನಾಗ್ಬೇಕಕ್ಕ. ಕರೆಯುವುದು ಉದ್ದವಾಯಿತೆಂದು ಕೊನೆಗೆ ಬರೀ ಅಕ್ಕ ಉಳಿಯಿತು. ಸ್ವಂತ ತಮ್ಮ ತಂಗಿ ಒಬ್ಬರೂ ಇಲ್ಲದೆ ಇಡೀ ಊರಿಗೆ ಅಕ್ಕನಾದವರು ಅವರೊಬ್ಬರೇ.

ದಿನವಿಡೀ ಅದೇ ಪ್ರಶ್ನೆ ಕೇಳಿ ಕೇಳಿ ಅಕ್ಕನಿಗೆ ಒಂದು ಚಟ ಹತ್ತಿತ್ತು. ಹಾಳಾದ ಫಾರಂಗಳ ಬೆನ್ನಿಗೆ ಬೆನ್ನು ಅಂಟಿಸಿ ಒಂದು ನಕ್ಷೆ ಮಾಡಿದ್ದರು. ಬಿಡಿಸಿದರೆ ದಾಖಲೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುತ್ತಿತ್ತು. ಯಾರ ಮಗಳು ಯಾರ ಮನೆ ಸೇರಿದಳು, ಯಾರ ಅಜ್ಜ ಯಾರ ಅಜ್ಜಿಯ ತಮ್ಮ, ಎಲ್ಲ ಸಣ್ಣ ಅಕ್ಷರದಲ್ಲಿ. ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಕ್ಕೆ ಅವರ ಲೆಕ್ಕದಲ್ಲಿ ಒಂದು ಮೆಟ್ಟಿಲು. ಈ ಊರಿನ ಯಾವ ಇಬ್ಬರನ್ನು ಹಿಡಿದರೂ ಎಂಟು ಮೆಟ್ಟಿಲೊಳಗೆ ನೆಂಟರು ಎಂಬುದು ಮೂವತ್ತೊಂದು ವರ್ಷದ ಸಂಶೋಧನೆಯ ಸಾರ.

ಒಮ್ಮೆ ಸರತಿಯಲ್ಲಿ ಒಬ್ಬ ಗಾರೆಯವನೂ ಒಬ್ಬ ದರ್ಜಿಯೂ ನಾ ಮುಂದೆ ತಾ ಮುಂದೆ ಎಂದು ಕೊರಳಪಟ್ಟಿ ಹಿಡಿದುಕೊಂಡಿದ್ದರು. ಅಕ್ಕ ತಲೆ ಎತ್ತದೆಯೇ ಹೇಳಿದರು, "ಇವರಜ್ಜಿ ನಿಮ್ಮಜ್ಜನ ತಂಗಿ. ಈಗ ಹೊಡೆದಾಡಿ. ಮನೆಯೊಳಗಿನ ಜಗಳ ಅಂತ ಯಾರೂ ಬಿಡಿಸೋಕೆ ಬರಲ್ಲ."

ಇಬ್ಬರೂ ಕೈ ಬಿಟ್ಟರು. ದರ್ಜಿ ಅಂಗಿ ಸರಿಮಾಡಿಕೊಳ್ಳುತ್ತ, "ಹಂಗಾದ್ರೆ ಇಷ್ಟು ದಿನ ಹೊಲಿಗೆ ಕೂಲಿ ಪೂರ್ತಿ ತಗೊಂಡು ತಪ್ಪು ಮಾಡಿದ್ನಲ್ಲ" ಎಂದ.

"ಈಗ ತಪ್ಪು ಮಾಡ್ಬೇಡಿ, ಮುಂದೂ ಪೂರ್ತಿ ತಗೊಳ್ಳಿ," ಎಂದರು ಅಕ್ಕ.

ಆ ಕಚೇರಿಗೆ ರಿಜಿಸ್ಟರು, ಅಂಟು, ಹೊಲಿಗೆ ದಾರ ಹಾಕುತ್ತಿದ್ದ ಕಾಗದದಂಗಡಿಯವನು ಅಲ್ಲೇ ಇದ್ದ. ಬಾಯಿ ಸುಮ್ಮನಿರದ ಜಾತಿ. "ಅಕ್ಕಾ, ಊರೆಲ್ಲ ನೆಂಟರು, ಉಣ್ಣೋಕೆ ಮನೆಯಿಲ್ಲ ಅನ್ನೋ ಗಾದೆ ನಿಮಗೇ ಮಾಡಿದ್ದಲ್ವಾ?" ಎಂದು ಕೆಣಕಿದ. ಅಕ್ಕ ನಕ್ಕರು. ಅಂಗಡಿಯವನಿಗೆ ಅದು ಹಾಸ್ಯವಾಗಿ ಕಂಡಿತು. ನಿಜವಾಗಿ ಅದು ಅಕ್ಕನ ವಿಳಾಸವಾಗಿತ್ತು.

ಏಕೆಂದರೆ ಗೋಡೆಯಿಂದ ಗೋಡೆಗೆ ಹಬ್ಬಿದ ಆ ನಕ್ಷೆಯಲ್ಲಿ ಅಕ್ಕನ ಹೆಸರಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಹಾಗೆ. ಅವರು ಬೆಳೆದದ್ದು ಅನಾಥಾಲಯದಲ್ಲಿ. ಮಕ್ಕಳಿಲ್ಲದವರು ಬಂದಾಗ ಎಲ್ಲರಿಗೂ ತಲೆ ಬಾಚಿ ಸಾಲಾಗಿ ನಿಲ್ಲಿಸುತ್ತಿದ್ದರು. ಅಕ್ಕ ಹನ್ನೆರಡು ವರ್ಷ ಆ ಸಾಲಿನಲ್ಲಿ ನಿಂತರು. ಆಮೇಲೆ ಎತ್ತರವಾದರೆಂದು ನಿಲ್ಲಿಸುವುದನ್ನು ಬಿಟ್ಟರು.

ಅವರ ಕೈಯಲ್ಲಿದ್ದ ಎಳೆ ಒಂದೇ. ಮರಣ ರಿಜಿಸ್ಟರಿನ ಒಂದು ಸಾಲು. ಸತ್ತವಳು ಇಪ್ಪತ್ತೆರಡರ ಹೆಂಗಸು, ಕಾರಣ ಹೆರಿಗೆ. ಅವಳೇ ಅಕ್ಕನ ತಾಯಿ. ತಿಳಿಸಿದವರ ಹೆಸರು ಇತ್ತು, ಹತ್ತು ಮನೆಗೆ ಒಬ್ಬಳಿಗೆ ಇರುವಂಥ ಹೆಸರು. ವಿಳಾಸ, ಗಿರಣಿ ಸಾಲುಮನೆ, ಹದಿನೇಳು. ಆ ಸಾಲುಮನೆ ಕೆಡವಿ ಯಾವ ಕಾಲವಾಗಿತ್ತೋ. 'ತಿಳಿಸಿದವರು ಮೃತರಿಗೆ ಏನಾಗಬೇಕು' ಎಂಬ ಕಾಲಂನಲ್ಲಿ ಎರಡೇ ಅಕ್ಷರ: ಅತ್ತೆ. ಅನಾಥಾಲಯದ ಪುಸ್ತಕ ಹೇಳುವಂತೆ ತಂದೆ ಬೇರೆ ಊರಿನಲ್ಲಿ ಹುಟ್ಟಿದವನು, ಹೆಂಡತಿ ಸತ್ತ ತಿಂಗಳೇ ಊರು ಬಿಟ್ಟವನು. ಅವನದೊಂದು ಅಕ್ಷರವೂ ಕಚೇರಿಯ ಪುಸ್ತಕಗಳಲ್ಲಿಲ್ಲ.

ಸತ್ತ ಸೊಸೆಯ ಅತ್ತೆ ಎಂದರೆ ತನ್ನ ಅಜ್ಜಿ. ಹಾಗೆಂದೇ ಅಕ್ಕ ಹುಡುಕಿದರು. ಆಗಲೇ ನಲವತ್ತು ದಾಟಿದ್ದಿರಬೇಕಾದ ಮುದುಕಿಯನ್ನು, ಆ ಹೆಸರಿನ ಹಳೆಯ ಸಾವುಗಳಲ್ಲೆಲ್ಲ. ಮೂವರು ಸಿಕ್ಕಿದರು. ಮೂವರೂ ಬೇರೆಯವರ ಅಜ್ಜಿಯರು.

ನಿವೃತ್ತಿಗೆ ಹನ್ನೊಂದು ದಿನ ಉಳಿದಿತ್ತು. ಆಮೇಲೆ ದಾಖಲೆ ಕೋಣೆಯ ಬೀಗದ ಕೈ ಹೊಸಬನಿಗೆ. ಅಷ್ಟರೊಳಗೆ ಒಬ್ಬರಾದರೂ ತನಗೆ ಏನಾದರೂ ಆಗಬೇಕಾದವರು ಸಿಗಲಿ ಎಂಬುದೊಂದೇ ಅಕ್ಕನ ಆಸೆ. ಬದುಕಿದ್ದವರೇ ಆಗಬೇಕೆಂಬ ಹಟವೂ ಉಳಿದಿರಲಿಲ್ಲ.

ಆ ಬೆಳಿಗ್ಗೆ ಕಿಟಕಿಗೆ ಒಬ್ಬ ಹುಡುಗಿ ಬಂದಳು. ಹೆಗಲ ಮೇಲೆ ಟವಲಿನಲ್ಲಿ ಸುತ್ತಿದ ಹಸುಗೂಸು. ಬರೆಸಬೇಕಾದದ್ದು ಇಪ್ಪತ್ತನಾಲ್ಕರ ಹೆಂಗಸಿನ ಸಾವು, ಹೆರಿಗೆಯಲ್ಲಿ. ಅಕ್ಕ ಮಗುವಿನ ಮುಖ ನೋಡುತ್ತಲೇ ಅಭ್ಯಾಸಬಲದಿಂದ ಕೇಳಿದರು, "ನೀವು ಏನಾಗ್ಬೇಕಮ್ಮ?"

"ಅತ್ತೆ," ಎಂದಳು ಹುಡುಗಿ, ಮಗುವಿನ ಬೆನ್ನು ತಟ್ಟುತ್ತ.

ಅಕ್ಕ ಪೆನ್ನು ಊರಿದವರು ತಡೆದರು. "ನೀವು ಅತ್ತೇನಾ? ಸತ್ತವರಿಗೇ ಇಪ್ಪತ್ನಾಲ್ಕು. ನೀವು ಹುಟ್ಟೋಕೆ ಮುಂಚೆನೇ ಮಗನ್ನ ಹೆತ್ರಾ?"

ಸರತಿಯಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಗಲಿಬಿಲಿಯಾದಳು. "ಅಯ್ಯೋ, ಅತ್ತಿಗೆಗಲ್ಲ, ಅವರಿಗೆ ನಾನು ನಾದಿನಿ. ಮಗೂಗೆ ಅತ್ತೆ. ನೀವು ಮಗೂನ ನೋಡ್ಕೊಂಡು ಕೇಳಿದ್ರಲ್ಲ, ಅದಕ್ಕೇ..."

ಗಂಡನ ತಾಯಿಯೂ ಅತ್ತೆ, ಅಪ್ಪನ ತಂಗಿಯೂ ಅತ್ತೆ. ಈ ಭಾಷೆ ಹುಟ್ಟಿದಾಗಿನಿಂದ ಎಲ್ಲರಿಗೂ ಗೊತ್ತಿರುವ ಸಂಗತಿ. ಮೂವತ್ತೊಂದು ವರ್ಷ ಇದೇ ಪದಗಳ ಮೇಲೆ ಕೂತು ಉಂಡವರಿಗೆ ಅದು ಹೊಳೆದದ್ದು ಆ ಕ್ಷಣದಲ್ಲಿ. ಅಕ್ಕ ಹುಡುಗಿಯ ಫಾರಂನಲ್ಲಿ 'ನಾದಿನಿ' ಎಂದು ಬರೆದು, ಮುಂದೆ 'ಗಂಡನ ತಂಗಿ' ಎಂದು ಬಿಡಿಸಿ ಬರೆದರು.

ಐವತ್ತೆಂಟು ವರ್ಷದ ಹಿಂದೆ ಇದೇ ಕಿಟಕಿಯಲ್ಲಿ ಒಬ್ಬಳು ಹುಡುಗಿ ಕೂಸನ್ನೆತ್ತಿಕೊಂಡು ನಿಂತಿದ್ದಳು. ಏನಾಗಬೇಕು ಎಂದು ಕೇಳಿದ್ದಕ್ಕೆ ಕೂಸಿನ ಪರವಾಗಿ ಉತ್ತರ ಕೊಟ್ಟಿದ್ದಳು. ಗುಮಾಸ್ತ ಸತ್ತವಳ ಕಾಲಂನಲ್ಲಿ ಬರೆದುಕೊಂಡ. ಅನಾಥಾಲಯದ ಪುಸ್ತಕದಲ್ಲಿಯೂ 'ತಂದವಳು ಸುಮಾರು ಇಪ್ಪತ್ತರ ಹುಡುಗಿ' ಎಂದಿತ್ತು. ಯಾರೋ ನೆರೆಯವಳಿರಬೇಕೆಂದು ಅಕ್ಕ ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈಗ ಹುಡುಕಬೇಕಾದದ್ದು ಮುದುಕಿಯನ್ನಲ್ಲ, ತನಗಿಂತ ಇಪ್ಪತ್ತು ವರ್ಷ ದೊಡ್ಡವಳನ್ನು. ಅಕ್ಕ ಊಟದ ಬಿಡುವುಗಳನ್ನೆಲ್ಲ ದಾಖಲೆ ಕೋಣೆಯಲ್ಲಿ ಕಳೆದರು. ನಾಫ್ತಲೀನ್ ವಾಸನೆ, ಹುಳು ತಿಂದ ಅಂಚು, ಒಂದೇ ಬಲ್ಬು. ಆರನೇ ದಿನ ಸಿಕ್ಕಿತು.

ಅದೇ ಹೆಸರು. ವಯಸ್ಸು ಅರವತ್ತೇಳು. ಕೆಲಸ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವುದು. ಮದುವೆಯಾಗಿಲ್ಲ. ಹಿಂದಿನ ವಿಳಾಸ, ಗಿರಣಿ ಸಾಲುಮನೆ, ಹದಿನೇಳು. ಸತ್ತು ಹನ್ನೊಂದು ವರ್ಷ. 'ಹತ್ತಿರದ ಸಂಬಂಧಿ' ಎಂಬಲ್ಲಿ 'ಯಾರೂ ಇಲ್ಲ.' ಆ ಅಕ್ಷರ ಅಕ್ಕನದೇ. 'ಲ್ಲ'ದ ಬಾಲ ಎಡಕ್ಕೆ ಎಳೆದು ಬರೆಯುವವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ಆಸ್ಪತ್ರೆಯಿಂದ ಬಂದ ಚೀಟಿ ನೋಡಿ, ಆ ದಿನದ ಹದಿನಾಲ್ಕು ಸಾವುಗಳಲ್ಲಿ ಒಂಬತ್ತನೆಯದಾಗಿ ಬರೆದು, ಹತ್ತನೆಯದಕ್ಕೆ ಕೈ ಹಾಕಿದ್ದರು. ಏನಾದರೂ ನೆನಪಾದೀತೇ ಎಂದು ಅಕ್ಕ ಬಹಳ ಹೊತ್ತು ಆ ಪುಟ ನೋಡಿದರು. ಏನೂ ನೆನಪಾಗಲಿಲ್ಲ. ಆಸ್ಪತ್ರೆ ಅವರ ಬಾಡಿಗೆ ಕೋಣೆಯಿಂದ ಎರಡು ಬೀದಿ ಆಚೆಗಿತ್ತು.

ಇನ್ನು ಮಾಡಬಹುದಾದದ್ದು ಒಂದೇ, ಆ 'ಯಾರೂ ಇಲ್ಲ' ತಿದ್ದಿಸುವುದು. ಅಕ್ಕ ತಿದ್ದುಪಡಿ ಅರ್ಜಿ ಬರೆದು ಸಾಹೇಬರ ಮುಂದಿಟ್ಟರು. ಸಾಹೇಬರು ಕನ್ನಡಕ ಏರಿಸಿಕೊಂಡರು.

"ಸಂಬಂಧ ಸೊಸೆ ಅಂತ ಬರೆದಿದ್ದೀರಿ. ಅವರಿಗೆ ಮದುವೇನೇ ಆಗಿಲ್ಲ. ಮತ್ತೆ ಅವರ ಮಗನ್ನ ನೀವು ಯಾವಾಗ ಮದುವೆಯಾದ್ರಿ?"

"ಆ ಸೊಸೆ ಅಲ್ಲ ಸರ್. ಅಣ್ಣನ ಮಗಳು. ಸೋದರ ಸೊಸೆ."

"ಹಂಗೆ ಬಿಡಿಸಿ ಬರೀಬೇಕಮ್ಮ. ಇಂಥ ಎರಡಕ್ಷರದಿಂದಲೇ ಗೊಂದಲ ಆಗೋದು."

"ಹೌದು ಸರ್," ಎಂದರು ಅಕ್ಕ. "ಆಗುತ್ತೆ."

ಸಾಹೇಬರು ಕೆಟ್ಟವರಲ್ಲ. "ನೋಡಿ, ಇದಕ್ಕೆ ದಾಖಲೆ ಅಂತ ಏನೂ ಇಲ್ಲ. ನೀವು ಈ ಕಚೇರಿಯಲ್ಲಿ ಇರೋವರೆಗೆ ನಿಮ್ಮ ಮಾತನ್ನೇ ದಾಖಲೆ ಅಂತ ಒಪ್ತೀನಿ. ಒಂದನೇ ತಾರೀಕಿಂದ ನೀವೂ ಸಾರ್ವಜನಿಕರು, ಆಗ ನನ್ನ ಕೈಯಲ್ಲಿಲ್ಲ. ಇಬ್ಬರು ಸಾಕ್ಷಿ ಬೇಕು. ಕಚೇರಿಯವರಾಗಬಾರದು, ನಿಮಗೆ ನೆಂಟರೂ ಆಗಬಾರದು."

"ನನಗೆ ನೆಂಟರಲ್ಲದವರು ಸಿಗೋದು ಕಷ್ಟ ಇಲ್ಲ ಸರ್," ಎಂದರು ಅಕ್ಕ.

ಮೊದಲ ಸಹಿ, ಹರಿದ ರಿಜಿಸ್ಟರು ಹೊಲಿಯಲು ಹೊರಗಿನಿಂದ ಬರುತ್ತಿದ್ದ ಬೈಂಡಿಂಗಿನ ಮುದುಕ ಹಾಕಿದ. ಅವನು ಓದಲೂ ಇಲ್ಲ. ಎರಡನೆಯದಕ್ಕೆ ಅಕ್ಕ ಕಾಗದದಂಗಡಿಯವನಿಗಾಗಿ ಕಾದರು. ಹತ್ತೊಂಬತ್ತು ವರ್ಷದಿಂದ ಮುಖ ನೋಡಿ ಬಲ್ಲವನು. ಕೊನೆಯ ದಿನ ಮಧ್ಯಾಹ್ನ ಅವನು ಹೊಸ ವರ್ಷದ ರಿಜಿಸ್ಟರುಗಳ ಕಟ್ಟು ಇಳಿಸುತ್ತಿದ್ದಾಗ ಅರ್ಜಿ ಮುಂದೆ ಹಿಡಿದು ಎಲ್ಲ ಹೇಳಿದರು. ಅಕ್ಕ ಇಷ್ಟುದ್ದ ಮಾತಾಡಿದ್ದನ್ನು ಅವನು ಕೇಳಿದ್ದೇ ಮೊದಲು.

ಅಂಗಡಿಯವನು ಓದಿದ. ವ್ಯಾಪಾರಿ ಓದುವುದು ಬರೆದದ್ದನ್ನಲ್ಲ, ಮುಂದೆ ಏನು ತೊಡಕು ಬರಬಹುದು ಎಂಬುದನ್ನು. ಸರ್ಕಾರಿ ಪುಸ್ತಕ ತಿದ್ದುವ ಕಾಗದ. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಸರಬರಾಜಿಗೆ ಕುತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ತಮಾಷೆ ಬಂತು.

"ಅಕ್ಕಾ, ಎಂಟು ಮೆಟ್ಟಿಲೊಳಗೆ ಊರೇ ನೆಂಟರು ಅಂದವರು ನೀವೇ. ನಾಳೆ ಲೆಕ್ಕ ಹಾಕಿದಾಗ ನಾನು ನಿಮಗೆ ತಮ್ಮನೋ ಮೈದುನನೋ ಆಗಿಬಿಟ್ರೆ? ನೆಂಟನಲ್ಲ ಅಂತ ಸುಳ್ಳು ಸಹಿ ಹಾಕಿದ ಹಾಗಾಗಲ್ವಾ?"

ಅಕ್ಕ ಅವನ ಮುಖ ನೋಡಿದರು. ಆಮೇಲೆ ಆ ಮಾತನ್ನು ನಿಜವಾಗಿ ಯೋಚಿಸಿದರು. ಇಡೀ ಸರ್ವೀಸಿನಲ್ಲಿ ಇಂಥದೇ ಕಾರಣಕ್ಕೆ ಎಷ್ಟೋ ಅರ್ಜಿ ವಾಪಸ್ ಕಳಿಸಿದ ಕೈ ಅದು. "ಅದೂ ನಿಜ," ಎಂದರು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡರು. "ಕಟ್ಟು ಎಣಿಸಿದ್ದೀನಿ ಅಣ್ಣ, ಸರಿ ಇದೆ."

ಹೊರಗೆ ಸರತಿಯಲ್ಲಿ ಇಪ್ಪತ್ತು ಜನ ನಿಂತಿದ್ದರು. ಐದು ಗಂಟೆಗೆ ಇನ್ನೂ ಒಂದು ತಾಸಿತ್ತು. ಅಕ್ಕ ಇನ್ನೊಬ್ಬರನ್ನು ಕೇಳಲಿಲ್ಲ. ಒಂದು ಸಲ ಬೇಡವೆನಿಸಿಕೊಂಡ ಮೇಲೆ ಎರಡನೆಯವರ ಮುಂದೆ ಹೋಗಿ ನಿಲ್ಲುವುದು, ತಲೆ ಬಾಚಿಸಿಕೊಂಡು ಸಾಲಿನಲ್ಲಿ ನಿಂತು ಬೆಳೆದವರಿಂದ ಆಗುವುದಿಲ್ಲ. ಸಾಹೇಬರು ಒಂದು ಟೀ, ನಾಲ್ಕು ಬಿಸ್ಕತ್ತು ಕೊಟ್ಟು ಬೀಳ್ಕೊಟ್ಟರು. ನಕ್ಷೆಯನ್ನು ಅಕ್ಕ ಅಲ್ಲೇ ಬಿಟ್ಟು ಹೋದರು. ಹೊಸ ಗುಮಾಸ್ತ ಅದನ್ನು ಕಪಾಟಿನ ತಳಕ್ಕೆ ಹಾಸಿದ್ದಾನೆ.

ನಾಲ್ಕು ತಿಂಗಳಿಗೆ ಎದೆಯಲ್ಲಿ ಕಫ ಕಟ್ಟಿ ಅಕ್ಕ ತೀರಿಕೊಂಡರು, ಎರಡು ಬೀದಿ ಆಚೆಯ ಅದೇ ಆಸ್ಪತ್ರೆಯಲ್ಲಿ. ಬಾಡಿಗೆ ಕೋಣೆಯ ಮನೆಯೊಡತಿ ಕಾಗದದಂಗಡಿಗೆ ಹೇಳಿ ಕಳಿಸಿದಳು, ಬೇರೆ ಯಾರ ವಿಳಾಸವೂ ಅವಳಲ್ಲಿರಲಿಲ್ಲ. ಕೈಚೀಲದಲ್ಲಿ ಅರ್ಜಿ ನಾಲ್ಕು ಮಡಿಕೆಯಲ್ಲೇ ಇತ್ತು. ಎರಡನೇ ಸಾಕ್ಷಿಯ ಗೆರೆ ಖಾಲಿ.

ಸಾವು ಬರೆಸಲು ಅಂಗಡಿಯವನು ಮೂರನೇ ಕಿಟಕಿಗೆ ಹೋದ. ಹೊಸ ಗುಮಾಸ್ತ ತಲೆ ಎತ್ತದೆ ಕೇಳಿದ, "ಅವರು ನಿಮಗೆ ಏನಾಗ್ಬೇಕು?"

ಅಂಗಡಿಯವನು "ಪರಿಚಯ," ಎಂದ.

"ಪರಿಚಯಕ್ಕೆ ಕಾಲಂ ಇಲ್ಲ," ಎಂದು ಗುಮಾಸ್ತ ಅಲ್ಲಿ ಒಂದು ಗೆರೆ ಎಳೆದು ಮುಂದಿನ 'ಹತ್ತಿರದ ಸಂಬಂಧಿ' ಕಾಲಂಗೆ ಹೋದ. ಅಲ್ಲಿ 'ಯಾರೂ ಇಲ್ಲ' ಎಂದು ಬರೆದ. ಇವನ 'ಲ್ಲ'ಕ್ಕೆ ಬಾಲವಿಲ್ಲ.

ಆ ಕಾಗದದಂಗಡಿಯವನು ನಾನು. ಅಕ್ಕನಿಗೆ ನಾನು ಒಂದು ಸಹಿ ಕೊಡಬೇಕು.